ನಿಂಗಮ್ಮನ ಎಡಗೈ

ನಿಂಗಮ್ಮನ ಹೆಗಲು ಹಿಡಿದುಕೊಂಡಿದೆ ಎಂದು ಕೇಳಿ ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿ ಹೋದರು: "ಎಡಗೈ ತಾನೆ, ಬಿಡಿ." ಬಲಗೈ ಆಗಿದ್ದರೆ ಉಣ್ಣುವುದು ಹೇಗೆ, ಮುದ್ದೆ ತಿರುವುವುದು ಹೇಗೆ, ದೇವರು ದೊಡ್ಡವನು, ನೋಡಿ ನೋಡಿ ಎಡಕ್ಕೇ ಕೊಟ್ಟಿದ್ದಾನೆ. ಹೀಗೆ ಸಮಾಧಾನ ಹೇಳಿ, ಸೊಸೆ ಕೊಟ್ಟ ಕಾಫಿ ಕುಡಿದು ಎದ್ದು ಹೋದರು. ಕೊಡ್ಲಿಪೇಟೆಯಿಂದ ಒಳಕ್ಕಿರುವ ಆ ಊರಿನಲ್ಲಿ ಇನ್ನೊಬ್ಬರ ನೋವಿಗೆ ಸಮಾಧಾನ ಹೇಳುವವರಿಗೆ ಎಂದೂ ಬರ ಬಂದಿದ್ದಿಲ್ಲ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ಈಗ ಮನೆಯಲ್ಲಿ ಕೂತಿರುವ ಎದುರು ಮನೆಯ ಪದ್ಮಯ್ಯನಂತೂ ತನ್ನ ಎರಡೂ ಕೈ ಮೇಲೆತ್ತಿ ತೋರಿಸಿ, "ನಂಗೂ ಬಂದಿತ್ತು, ಹಂಗೇ ಹೋಯ್ತು" ಎಂದ. ಅವನ ಎತ್ತಿದ ಕೈಗಳನ್ನು ನೋಡಿ ನಿಂಗಮ್ಮನಿಗೆ ಹೊಟ್ಟೆ ಉರಿಯಿತು.

ಬೇರೆಯವರ ಮನೆಯಲ್ಲಿ ಎಡಗೈ ಎಂದರೆ ಎರಡನೇ ದರ್ಜೆಯ ಕೈ. ಅದರಲ್ಲಿ ಕೊಡಬಾರದು, ತೆಗೆದುಕೊಳ್ಳಬಾರದು. ಲಿಂಗ ಕಟ್ಟಿದವರ ಮನೆಯಲ್ಲಿ ಲೆಕ್ಕ ಬೇರೆ. ಸ್ನಾನ ಮಾಡಿ, ವಿಭೂತಿ ಧರಿಸಿ, ಕೊರಳಿನ ಬೆಳ್ಳಿ ಕರಡಿಗೆಯ ಮುಚ್ಚಳ ತೆಗೆದರೆ ಇಷ್ಟಲಿಂಗ ಬಂದು ಕೂರುವುದು ಎಡ ಅಂಗೈ ಮೇಲೆ. ನೀರೆರೆಯುವುದು, ಪತ್ರೆ ಏರಿಸುವುದು ಬಲಗೈಯ ಕೆಲಸ. ಬಲಗೈ ಆಳು, ಎಡಗೈ ಪೀಠ. ನಿಂಗಮ್ಮನಿಗೆ ಅವಳ ಅಜ್ಜಿ ಕಲಿಸಿದ ಕ್ರಮ ಇನ್ನೂ ಕಟ್ಟುನಿಟ್ಟು: ಲಿಂಗ ಕಣ್ಣಿನ ಮಟ್ಟಕ್ಕೆ ಬರಬೇಕು, ಮೊಣಕೈ ಎಲ್ಲೂ ಒರಗಬಾರದು, ನೋಟ ಕದಲಬಾರದು. ಪೂಜೆ ಮುಗಿಯುವವರೆಗೆ ಒಂದು ಗುಟುಕು ನೀರೂ ಗಂಟಲಿಗೆ ಇಳಿಯುವ ಹಾಗಿಲ್ಲ.

ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವಳು ಅದನ್ನು ಒಂದು ದಿನವೂ ತಪ್ಪಿಸಿದವಳಲ್ಲ. ಹೆರಿಗೆಯಾದ ಬಾಣಂತಿ ಕೋಣೆಯಲ್ಲೂ ಕೂತಿದ್ದಳು, ಜ್ವರದಲ್ಲೂ ಕೂತಿದ್ದಳು. ಗಂಡ ಸಿದ್ದಬಸಪ್ಪನದು ನಾಲ್ಕು ಹನಿ ನೀರು, ಒಂದು ಪತ್ರೆ, ಆಮೇಲೆ ಕಾಫಿ. "ನಿಮ್ಮ ಪೂಜೆ ಮುಗಿಯೋದ್ರೊಳಗೆ ನನ್ನ ಊದುಬತ್ತಿ ಹತ್ತಿರಲ್ಲ" ಎಂದು ಅವಳು ರೇಗಿಸುತ್ತಿದ್ದಳು. ಅವನು ನಕ್ಕು ಶುಂಠಿ ಹೊಲದ ಕಡೆ ನಡೆಯುತ್ತಿದ್ದ. ಈ ವಿಷಯದಲ್ಲಿ ಹೆಂಡತಿ ತನಗಿಂತ ದೊಡ್ಡವಳು ಎಂದು ಅವನು ಎಂದೋ ಒಪ್ಪಿಕೊಂಡಿದ್ದ.

ಅರಕಲಗೂಡು ಕಡೆಯಿಂದ ಬಂದ ಸೊಸೆ ಐಶ್ವರ್ಯಳಿಗೆ ಅಂಥ ರಿಯಾಯಿತಿ ಸಿಗಲಿಲ್ಲ. ಮದುವೆಯಾದ ಹೊಸತರಲ್ಲಿ ಆ ಹುಡುಗಿ ಸ್ನಾನಕ್ಕೆ ಹೋದಾಗ ಲಿಂಗವನ್ನು ಬಚ್ಚಲಿನ ಮೊಳೆಗೆ ತೂಗುಹಾಕಿ, ಮಧ್ಯಾಹ್ನದವರೆಗೂ ಮರೆತುಬಿಟ್ಟಳು. ಅಂದು ನೆಂಟರು ಬಂದಿದ್ದರು. ನಿಂಗಮ್ಮ ಅವರೆಲ್ಲರ ಎದುರಿಗೆ ತಟ್ಟೆ ಪಕ್ಕಕ್ಕೆ ಸರಿಸಿ, "ಲಿಂಗ ಬಿಟ್ಟ ಕೈಯ ಅಡುಗೆ ನಂಗೆ ಬೇಡ" ಎಂದಳು. ಐಶ್ವರ್ಯ ಹಿತ್ತಲಿಗೆ ಹೋಗಿ ಅತ್ತಳು. ಮಗ ಚೇತನ್‌ಕುಮಾರ್ ಎರಡು ದಿನ ತಾಯಿಯ ಹತ್ತಿರ ಮಾತಾಡಲಿಲ್ಲ.

ನೋವು ಶುರುವಾದದ್ದು ಕಾಫಿ ಕುಯ್ಲಿನ ಮೊದಲಲ್ಲಿ. ಗಿಡದ ಎತ್ತರದ ರೆಂಬೆ ಬಗ್ಗಿಸಲು ಕೈ ಚಾಚಿದಾಗ ಹೆಗಲೊಳಗೆ ಏನೋ ಹರಿದಂತಾಯಿತು. ಆಮೇಲೆ ಅಟ್ಟಣಿಗೆಯ ಬೆಲ್ಲದ ಡಬ್ಬಿ ದೂರವಾಯಿತು. ಆಮೇಲೆ ತಲೆ ಬಾಚಿಕೊಳ್ಳುವುದು ನಿಂತಿತು, ರವಿಕೆ ತೊಡುವುದಕ್ಕೆ ಸೊಸೆಯನ್ನು ಕರೆಯಬೇಕಾಯಿತು. ಮಲಗಿ ಆ ಮಗ್ಗುಲಿಗೆ ಹೊರಳಿದರೆ ಪ್ರಾಣ ಹೋದಂತಾಗುತ್ತಿತ್ತು. ಇದನ್ನೆಲ್ಲ ಅವಳು ಹಲ್ಲು ಕಚ್ಚಿ ಸಹಿಸಿದಳು. ಸಹಿಸಲಾಗದ್ದು ಒಂದೇ, ಅಂಗೈ ದಿನದಿನಕ್ಕೂ ಕೆಳಗಿಳಿಯುತ್ತಿತ್ತು. ಕಣ್ಣಿನಿಂದ ಗಲ್ಲಕ್ಕೆ, ಗಲ್ಲದಿಂದ ಎದೆಗೆ ಇಳಿದು ಕೊನೆಗೆ ಹೊಟ್ಟೆಯ ಹತ್ತಿರ ನಿಂತಿತು.

ಸಂತೆಯ ದಿನ ಕೊಡ್ಲಿಪೇಟೆಗೆ ಬರುವ ಪಂಡಿತನೊಬ್ಬನಿದ್ದ. ಕೀಲು ಜಾರಿದೆ ಎಂದ. ಸೊಪ್ಪು ಅರೆದು ಮೆತ್ತಿ, ಬಿದಿರು ದಬ್ಬೆ ಇಟ್ಟು, ತೋಳನ್ನು ಎದೆಗೆ ಸೇರಿಸಿ ಬಟ್ಟೆಯಲ್ಲಿ ಬಿಗಿದ. ಅಮಾವಾಸ್ಯೆಯವರೆಗೆ ಕೈ ಅಲ್ಲಾಡಿಸಕೂಡದು ಎಂದ. ಬೇರೆ ಯಾರಾದರೂ ಆಗಿದ್ದರೆ ನಾಲ್ಕನೇ ದಿನ ಬಟ್ಟೆ ಸಡಿಲಿಸಿ ಮೈ ಕೆರೆದುಕೊಳ್ಳುತ್ತಿದ್ದರು, ಅದೇ ಅವರನ್ನು ಉಳಿಸುತ್ತಿತ್ತು. ನಿಂಗಮ್ಮ ವ್ರತ ಹಿಡಿದವಳು. ಅಮಾವಾಸ್ಯೆ ಕಳೆದರೂ ಹುಣ್ಣಿಮೆಯವರೆಗೆ ಇರಲಿ ಎಂದು ತಾನೇ ಮುಂದುವರಿಸಿದಳು. ಕೂತೇ ನಿದ್ದೆ ಮಾಡಿದಳು. ಕಟ್ಟಿದ ಕೈಯ ಅಂಗೈಯನ್ನು ಹೊಟ್ಟೆಯ ಮುಂದೆ ತೆರೆದು, ತಲೆಯನ್ನೇ ಬಗ್ಗಿಸಿ ಪೂಜೆ ಮಾಡಿದಳು. ಕಟ್ಟು ಬಿಚ್ಚಿದ ದಿನ ತೋಳು ಮೈಗೆ ಅಂಟಿಕೊಂಡೇ ಉಳಿಯಿತು.

ಮಡಿಕೇರಿಯ ಮೂಳೆ ಡಾಕ್ಟರು ತೋಳನ್ನು ಒಂದು ಗೇಣು ಎತ್ತಲು ನೋಡಿದರು. ಅವಳು ಕೂಗಿಕೊಂಡಳು.

"ಯಾರಮ್ಮ ಇದನ್ನ ಕಟ್ಟಿದ್ದು? ಇದು ಫ್ರೋಜನ್ ಶೋಲ್ಡರ್. ಆಡಿಸಿದಷ್ಟೂ ಒಳ್ಳೇದು, ಕಟ್ಟಿದಷ್ಟೂ ಕೆಟ್ಟದ್ದು."

ರಕ್ತ ನೋಡಿದರೆ ಸಕ್ಕರೆ ಕಾಯಿಲೆಯೂ ಇತ್ತು. ಆ ಕಾಯಿಲೆ ಇದ್ದವರಿಗೆ ಹೆಗಲು ಹೀಗೆ ಹಿಡಿದುಕೊಳ್ಳುವುದು ಜಾಸ್ತಿಯಂತೆ. ಡಾಕ್ಟರು ಕೀಲಿಗೆ ಒಂದು ಇಂಜೆಕ್ಷನ್ ಕೊಟ್ಟು, ಮಾತ್ರೆ ಬರೆದುಕೊಟ್ಟರು. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ತಿಂಡಿ ತಿನ್ನಬೇಕು, ಕೈಗೆ ವ್ಯಾಯಾಮ ಮಾಡಬೇಕು, ತಾನಾಗಿ ಬಿಡುತ್ತದೆ, ಆದರೆ ವರ್ಷವಾಗಬಹುದು, ಎರಡೂ ಆಗಬಹುದು ಎಂದರು.

"ಎರಡು ವರ್ಷವಾ?" ಎಂದಳು ನಿಂಗಮ್ಮ.

"ಪುಣ್ಯಕ್ಕೆ ಎಡಗೈ ಅಲ್ವಾ" ಎಂದರು ಡಾಕ್ಟರು.

ಬಸ್ಸು ಸೋಮವಾರಪೇಟೆ ದಾಟಿತು. ಆಮೇಲೆ ಗಂಡನಿಗೆ, "ಅವ್ರಿಗೇನು ಗೊತ್ತು" ಎಂದಳು.

ಶನಿವಾರಸಂತೆಯಲ್ಲಿ ಫಿಸಿಯೋಥೆರಪಿ ಮಾಡುವ ಯಮುನ ಎಂಬ ಹುಡುಗಿ ಸಿಕ್ಕಿದಳು. ನಗುಮುಖದವಳು. ಕೈಯನ್ನು ಮಾತ್ರ ಕರುಣೆಯಿಲ್ಲದೆ ತಿರುಚುತ್ತಿದ್ದಳು. ಬಿಸಿನೀರಿನ ಶಾಖ, ಬಾಗಿಲ ಮೇಲಿನ ರಾಟೆಗೆ ಹಗ್ಗ ಕಟ್ಟಿ ಎಳೆಯುವುದು, ಗೋಡೆಯ ಮೇಲೆ ಬೆರಳುಗಳನ್ನು ಜೇಡದಂತೆ ಹತ್ತಿಸುವುದು. ಎಲ್ಲಿಯವರೆಗೆ ಹತ್ತಿತು ಎಂದು ಗುರುತು ಮಾಡಿ ಎಂದಿದ್ದಳು ಯಮುನ. ನಿಂಗಮ್ಮ ವಿಭೂತಿ ಬೆರಳಿನಿಂದ ಪೂಜೆಯ ಕೋಣೆಯ ಗೋಡೆಗೇ ಗುರುತು ಇಟ್ಟಳು. ದಿನವೂ ಅದೇ ಜಾಗಕ್ಕೆ ಬೆರಳು ಬಿದ್ದು ಬಿದ್ದು ಆ ಒಂದು ಗೆರೆ ಸುಣ್ಣ ಬಳಿದಷ್ಟು ದಪ್ಪವಾಯಿತು.

ಶಿವರಾತ್ರಿ ಬಂತು. ಆ ಒಂದು ದಿನವಾದರೂ ಕ್ರಮವಾಗಿ ಮಾಡಬೇಕು ಎಂದು ಅವಳಿಗೆ ಹಟ ಹಿಡಿಯಿತು. ಬೆಳಿಗ್ಗೆ ಬಾಗಿಲು ಮುಚ್ಚಿ, ಕರಡಿಗೆ ತೆರೆದು, ಲಿಂಗವನ್ನು ಅಂಗೈಗೆ ತಂದುಕೊಂಡು, ಮೊಣಕೈಯನ್ನು ಮೈಯಿಂದ ಬಿಡಿಸಿದಳು. ಹೊಟ್ಟೆ ದಾಟಿತು, ಎದೆಯವರೆಗೆ ಬಂತು. ಇನ್ನೊಂದು ಚೂರು ಎತ್ತಿದಾಗ ಹೆಗಲೊಳಗೆ ಕತ್ತಿ ಇರಿದಂತಾಗಿ ಕೈ ತಾನಾಗಿಯೇ ಕೊಡವಿಕೊಂಡಿತು. ಲಿಂಗ ಅಂಗೈಯಿಂದ ಉರುಳಿ ನೆಲಕ್ಕೆ ಬಿದ್ದು, ಅಕ್ಕಿ ಪೆಟ್ಟಿಗೆಯ ಕೆಳಗೆ ಹೋಯಿತು.

ಅವಳು ನೆಲಕ್ಕೆ ಮುಖ ಹಚ್ಚಿ ಮಲಗಿ, ಬಲಗೈ ಚಾಚಿ ಅದನ್ನು ಎಳೆದುಕೊಂಡಳು. ಮೇಲೆ ಮೆತ್ತಿದ ಕಪ್ಪು ಕಂತಿಯ ಲೇಪ ಒಂದು ಕಡೆ ಉಗುರಿನಷ್ಟು ಹಾರಿ, ಒಳಗಿನ ಬೂದು ಕಲ್ಲು ಕಾಣುತ್ತಿತ್ತು. ಲಿಂಗ ಭಿನ್ನವಾಗಿತ್ತು.

ಭಿನ್ನವಾದ ಲಿಂಗಕ್ಕೆ ಪೂಜೆಯಿಲ್ಲ. ಹಿಂದಿನವರು ಲಿಂಗ ಬಿದ್ದರೆ ಅನ್ನ ನೀರು ಬಿಟ್ಟು ಪ್ರಾಣ ಕಳೆದುಕೊಳ್ಳುತ್ತಿದ್ದರು ಎಂದು ಅಜ್ಜಿ ಹೇಳುತ್ತಿದ್ದಳು. ಈಗ ಅಷ್ಟಿಲ್ಲ. ಮಠಕ್ಕೆ ಹೋಗಿ ತಪ್ಪೊಪ್ಪಿಕೊಂಡರೆ ಗುರುಗಳು ಬೇರೆ ಲಿಂಗ ಕಟ್ಟುತ್ತಾರೆ, ಮನೆಮಂದಿಯೆಲ್ಲ ಸೇರುತ್ತಾರೆ. ಸೇರುತ್ತಾರೆ ಎಂಬುದೇ ಕಷ್ಟ. ಐಶ್ವರ್ಯಳೂ ಅಲ್ಲಿ ನಿಂತಿರುತ್ತಾಳೆ. ಏನೂ ಆಡಲಿಕ್ಕಿಲ್ಲ, ಒಳ್ಳೆಯ ಹುಡುಗಿ. ದಿನಾ ತಲೆ ಬಾಚಿ ರವಿಕೆ ತೊಡಿಸುವವಳು ಅವಳೇ. ಅದಕ್ಕೇ ಅವಳ ಮುಖ ನೋಡುವುದು ನಿಂಗಮ್ಮನಿಂದ ಆಗದು. ಕೊಟ್ಟ ಹೊಸ ಲಿಂಗವನ್ನು ಹಿಡಿಯುವುದು ತಾನೆ ಯಾವ ಕೈಯಲ್ಲಿ? ಅದೂ ಬಿದ್ದರೆ?

ಒಡೆದ ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಅಕ್ಕಿ ಪೆಟ್ಟಿಗೆಯ ಹಿಂದಿನ ಗೂಡಿನಲ್ಲಿಟ್ಟಳು. ಖಾಲಿ ಕರಡಿಗೆಯ ಮುಚ್ಚಳ ಹಾಕಿ ಕೊರಳಿಗೆ ಕಟ್ಟಿಕೊಂಡಳು. ಅಂದು ಮನೆಗೆಲ್ಲ ಉಪವಾಸ, ಅವಳು ನೀರು ಮುಟ್ಟದ್ದನ್ನು ಯಾರೂ ಗಮನಿಸಲಿಲ್ಲ.

ಮಾರನೇ ಬೆಳಿಗ್ಗೆಯೂ ಅವಳು ಏನೂ ಬೇಡವೆಂದಳು. ಹೊತ್ತೇರುವುದರೊಳಗೆ ಬೆವರಿ, ಕಣ್ಣು ಕತ್ತಲಿಟ್ಟು ಕುಸಿದಳು. ಐಶ್ವರ್ಯ ಓಡಿಬಂದು ತಲೆ ತೊಡೆಯ ಮೇಲಿಟ್ಟುಕೊಂಡಳು.

"ಅತ್ತೆ, ಪೂಜೆ ಆಗ್ಲಿಲ್ವಾ ಇನ್ನೂ? ಬೇಗ ಮುಗಿಸ್ಕೊಂಡು ಬನ್ನಿ, ಕಡುಬು ಆಗಿದೆ. ಮಾತ್ರೆ ತಗಬೇಕು."

ನಿಂಗಮ್ಮ ಸುಧಾರಿಸಿಕೊಂಡು ಎದ್ದು ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಊದುಬತ್ತಿ ಹಚ್ಚಿ, ಗೋಡೆಯ ಗೆರೆ ನೋಡುತ್ತ ಸುಮ್ಮನೆ ಕೂತಳು. ಊದುಬತ್ತಿ ಉರಿದು ಮುಗಿದ ಮೇಲೆ ಹೊರಗೆ ಬಂದು ಕಡುಬು ತಿಂದಳು, ಮಾತ್ರೆ ನುಂಗಿದಳು. ಜೀವ ಹೊಟ್ಟೆಯದು, ಅದಕ್ಕೆ ನಾಚಿಕೆಯಿಲ್ಲ.

ಅಲ್ಲಿಂದ ಮುಂದೆ ಅದೇ ದಿನಚರಿಯಾಯಿತು. ಹೊರಗೆ ಜನ, "ಪಾಪ, ಕೈ ಆಗದಿದ್ರೂ ಎಷ್ಟೊತ್ತು ಪೂಜೆ ಮಾಡ್ತದೆ ಆ ತಾಯಿ" ಎನ್ನುತ್ತಿದ್ದರು. ಇದನ್ನು ಊರಿಗೆಲ್ಲ ಹಬ್ಬಿಸಿದವನು ಸಿದ್ದಬಸಪ್ಪನೇ. ಕಟ್ಟೆಯ ಮೇಲೆ ಕೂತು ಪದ್ಮಯ್ಯನಿಗೆ, "ನಮ್ಮನೆಯವಳು ಒಂದು ದಿನ ಬಿಟ್ಟಿಲ್ಲ ಕಣಯ್ಯ" ಎಂದು ಹೇಳುವುದು ಅವಳ ಕಿವಿಗೆ ಬೀಳುತ್ತಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಸಕ್ಕರೆ ಹತೋಟಿಗೆ ಬಂತು, ಮುಖಕ್ಕೆ ಕಳೆಯೂ ಬಂತು. ಒಳಗೆ ಅವಳು ತನ್ನನ್ನು ತಾನು ಹೆಣವೆಂದೇ ಎಣಿಸಿಕೊಂಡಿದ್ದಳು. ಗಂಡನಿಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಳು. ಅವನು ಆಸೆಯಿಂದ ಮುಖ ನೋಡಿದೊಡನೆ, "ಶಾಖಕ್ಕೆ ನೀರು ಕಾಯ್ಸಿ" ಎಂದು ಬೇರೇನೋ ಹೇಳಿದಳು. ವ್ಯಾಯಾಮವನ್ನಾದರೂ ಬಿಡೋಣವೆಂದರೆ ಅವನು ಬಿಡಲಿಲ್ಲ. ದಿನಾ ತಾನೇ ನಿಂತು ರಾಟೆಯ ಹಗ್ಗ ಕೈಗೆ ಕೊಟ್ಟ, ತಾನೇ ಎಣ್ಣೆ ತಿಕ್ಕಿದ.

ಮತ್ತೆ ಕಾಫಿ ಹಣ್ಣಾಗುವ ಹೊತ್ತಿಗೆ ಹೆಗಲು ಬಿಟ್ಟುಕೊಡತೊಡಗಿತು. ಗೋಡೆಯ ಮೇಲೆ ದಪ್ಪ ಗೆರೆಯನ್ನು ದಾಟಿ ಹೊಸ ಗೆರೆಯೊಂದು ಬಿತ್ತು, ಅದರ ಮೇಲೆ ಮತ್ತೊಂದು. ನಿಂಗಮ್ಮ ಅವುಗಳನ್ನು ಸೆರಗಿನಿಂದ ಒರೆಸಿಬಿಡುತ್ತಿದ್ದಳು. ಕೈ ಹೀಗೇ ಸತ್ತಿರಲಿ ಎಂದು ಆಗ ಅವಳು ಬೇಡಿಕೊಂಡಳು. ಯಾವ ದೇವರನ್ನು ಬೇಡಿಕೊಳ್ಳುವುದು ಎಂಬುದೂ ಅವಳಿಗೆ ತಿಳಿಯಲಿಲ್ಲ.

ಶನಿವಾರಸಂತೆಯಲ್ಲಿ ಯಮುನ ಒಂದು ದಿನ ಹಗ್ಗ, ಶಾಖ ಯಾವುದೂ ಬೇಡವೆಂದಳು. ಸಿದ್ದಬಸಪ್ಪ ಮೂಲೆಯ ಬೆಂಚಿನಲ್ಲಿ ಕೂತು ನೋಡುತ್ತಿದ್ದ.

"ಅಮ್ಮ, ನಾನು ಮುಟ್ಟಲ್ಲ. ಅಂಗೈ ಮೇಲೆ ಮಾಡಿ ಮುಂದಕ್ಕೆ ಚಾಚಿ. ಹಾಂ, ಈಗ ನಿಧಾನವಾಗಿ ಎತ್ತಿ."

ಅಂಗೈ ಹೊಟ್ಟೆಯ ಮುಂದಿನಿಂದ ಮೇಲೆದ್ದಿತು. ಎದೆ ದಾಟಿತು, ಗಲ್ಲ ದಾಟಿತು. ನೋವಾದೀತು ಎಂದು ಅವಳು ಕಾದಳು, ಆಸೆಪಟ್ಟೇ ಕಾದಳು. ನೋವು ಬರಲಿಲ್ಲ. ಅಂಗೈ ಕಣ್ಣಿನ ಮಟ್ಟಕ್ಕೆ ಬಂದು, ಮೊಣಕೈ ಎಲ್ಲೂ ಒರಗದೆ, ಅಜ್ಜಿ ಹೇಳಿಕೊಟ್ಟ ಜಾಗದಲ್ಲೇ ನಿಂತಿತು.

ಸಿದ್ದಬಸಪ್ಪ ಎದ್ದು ನಿಂತ. ಅವನ ಕಣ್ಣು ತುಂಬಿತ್ತು. "ಬಂತಲ್ಲೇ" ಎಂದ. "ಐಶ್ವರ್ಯಂಗೆ ಫೋನ್ ಮಾಡ್ತೀನಿ, ಪಾಯಸ ಮಾಡ್ಲಿ. ನಾಳೆ ಬೆಳಿಗ್ಗೆ ನಾವೆಲ್ಲ ನಿನ್ನ ಜೊತೆ ಕೋಣೆಲೇ ಕೂರ್ತೀವಿ. ನೀನು ಮೊದಲಿನ ಹಂಗೆ ಲಿಂಗ ಎತ್ತಿ ಹಿಡಿಯೋದನ್ನ ನಾನು ನೋಡಬೇಕು."

ನಿಂಗಮ್ಮ ಕಣ್ಣೆದುರಿನ ಬರಿಯ ಅಂಗೈಯನ್ನು ನೋಡುತ್ತಿದ್ದಳು.

"ಸಾಕಮ್ಮ, ಇಳಿಸಿ" ಎಂದಳು ಯಮುನ.

ಅವಳು ಇಳಿಸಲಿಲ್ಲ. ಇಳಿಸಿದರೆ ಎದ್ದು ಗಂಡನ ಜೊತೆ ಮನೆಗೆ ಹೋಗಬೇಕಾಗಿತ್ತು.