ಗೊಬ್ಬರ ಕಾಣದ ಹನ್ನೆರಡು ಗಿಡ

ಹೊಣಕೆರೆ ಬಳಿಯ ಪ್ರಯೋಗ ತೋಟದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೈರಮ್ಮ ಆಗಲೇ ಕುಂಡದಿಂದ ಟೊಮೆಟೊ ಗಿಡ ಕಿತ್ತು, ಬೇರನ್ನು ಬಕೆಟ್ ನೀರಿನಲ್ಲಿ ಅದ್ದಿ ತೊಳೆಯುತ್ತಿದ್ದಾರೆ. ಬೇರಿನಲ್ಲಿ ಅಲ್ಲಲ್ಲಿ ಗಂಟು. ಮಣ್ಣಿನಲ್ಲಿರುವ, ಕಣ್ಣಿಗೆ ಕಾಣದ ಜಂತುಹುಳು ಒಳಹೊಕ್ಕು ಎಬ್ಬಿಸಿದ ಗಂಟುಗಳವು. ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸುತ್ತಾರೆ. ಹತ್ತಾದರೆ ಒಂದು ಹುಣಸೆಬೀಜ ಪಕ್ಕಕ್ಕೆ. ನಡುವೆ ಮಾತಾಡಿಸಹೋದ ನನಗೆ ಗದರಿಕೆಯೇ ಸಿಗುತ್ತದೆ: "ಸುಮ್ಕಿರಿ ಸ್ವಾಮಿ, ಲೆಕ್ಕ ತಪ್ಪೋಯ್ತದೆ."

ಐವತ್ತು ದಾಟಿದ ಬೈರಮ್ಮ 1991ರಿಂದ ಇಲ್ಲಿ ದಿನಗೂಲಿ. ಈಗ ಆರನೇ ವರ್ಷ. ಕಿರಂಗೂರಿನ ರೋಗದ ಹೊಲದ ಮಣ್ಣು ನಲವತ್ತೆಂಟು ಕುಂಡಗಳಲ್ಲಿದೆ. ಹನ್ನೆರಡಕ್ಕೆ ಕೋಳಿಗೊಬ್ಬರ, ಹನ್ನೆರಡಕ್ಕೆ ಆಡಿನ ಹಿಕ್ಕೆ, ಹನ್ನೆರಡಕ್ಕೆ ದನದ ಗೊಬ್ಬರ. ಉಳಿದ ಹನ್ನೆರಡರಲ್ಲಿ ಬರೀ ಮಣ್ಣು. ಅವುಗಳ ಜೊತೆ ಹೋಲಿಸಿದರೆ ತಾನೆ ಹುಳುವನ್ನು ಯಾವ ಗೊಬ್ಬರ ಎಷ್ಟು ತಡೆಯಿತೆಂದು ತಿಳಿಯುವುದು?

ಇದನ್ನು ಮೊದಲ ವರ್ಷ ಬೈರಮ್ಮನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಬೇಸಾಯದ ಮನೆಯ ಹೆಣ್ಣುಮಗಳು. ಕಣ್ಣೆದುರು ಗಿಡ ಸೊರಗುತ್ತಿದ್ದರೆ ಕೈ ಸುಮ್ಮನಿರುವುದುಂಟೆ? ಯಾರೂ ಬರುವ ಮುಂಚೆ ಸೆರಗಿನಲ್ಲಿ ಹಿಕ್ಕೆ ತಂದು ಬರೀ ಮಣ್ಣಿನ ಕುಂಡಗಳಿಗೂ ಬೆರೆಸಿಬಿಟ್ಟರು. "ಪಕ್ಕದೆಲೇಲಿ ಹಬ್ಬದೂಟ, ಇವಕ್ಕೆ ಉಪಾಸ. ಇದ್ಯಾವ ನ್ಯಾಯ ಅಂತ ಒಟ್ಟೆ ಉರೀತು" ಎನ್ನುತ್ತಾರೆ.

ಎಣಿಕೆಯ ದಿನ ಎಲ್ಲ ಕುಂಡದಲ್ಲೂ ಗಂಟು ಹೆಚ್ಚುಕಡಿಮೆ ಒಂದೇ. ಗೊಬ್ಬರದಿಂದ ಪ್ರಯೋಜನವಿಲ್ಲ ಎಂದು ಬರೆಯಲು ಅಧಿಕಾರಿ ಮಹದೇವಸ್ವಾಮಿ ಪೆನ್ನು ತೆಗೆದರು. ಬಾಯಿಬಿಟ್ಟರೆ ಬೈರಮ್ಮನ ಕೆಲಸ ಹೋಗುತ್ತದೆ. ಬಿಡದಿದ್ದರೆ ರೈತರಿಗೆ ಸುಳ್ಳು ಮುಟ್ಟುತ್ತದೆ. "ಬರೀಬ್ಯಾಡಿ ಬುದ್ಧಿ, ಹಿಕ್ಕೆ ಆಕ್ದೋಳು ನಾನೇಯ" ಎಂದುಬಿಟ್ಟರು ಬೈರಮ್ಮ.

ಮಹದೇವಸ್ವಾಮಿ ಬರೆಯದೆ ಪೆನ್ನು ಮುಚ್ಚಿ ಎದ್ದುಹೋದರು. ಮರುದಿನ ಹೊಸದಾಗಿ ಕುಂಡ ತುಂಬಿಸಲು ಕರೆದದ್ದು ಮಾತ್ರ ಬೈರಮ್ಮನನ್ನೇ. ಎರಡನೇ ಸಲ ಬರೀ ಮಣ್ಣಿನ ಕುಂಡದ ಬೇರುಗಳಲ್ಲಿ ನೂರು ದಾಟಿದ ಗಂಟು, ಹಿಕ್ಕೆ ಹಾಕಿದ್ದರಲ್ಲಿ ಮೂವತ್ತರ ಆಸುಪಾಸು. "ಬೈರಮ್ಮ ಎಣಿಸಿದ್ದನ್ನು ನಾನು ಮತ್ತೆ ಎಣಿಸೋದಿಲ್ಲ" ಎನ್ನುತ್ತಾರೆ ಅಧಿಕಾರಿ.

ಬಿಸಿಲೇರುವ ಹೊತ್ತಿಗೆ ಬರೀ ಮಣ್ಣಿನ ಕುಂಡಗಳಷ್ಟೇ ಉಳಿದಿವೆ. ಎಲೆ ಹಳದಿಗಟ್ಟಿದೆ. ಬೈರಮ್ಮ ಒಂದು ಗಿಡದ ಬುಡಕ್ಕೆ ಕೈ ಹಾಕಿ, ಕೀಳದೆ ಸ್ವಲ್ಪ ಹೊತ್ತು ಹಾಗೇ ಕೂರುತ್ತಾರೆ. ನಿಮ್ಮ ಬಗ್ಗೆ ಪೇಪರಿನಲ್ಲಿ ಬರೆಯುತ್ತೇನೆ ಎಂದರೆ ತಲೆಯೆತ್ತುವುದೂ ಇಲ್ಲ.

"ನಂದೇನ್ ಬರೀತೀರಿ ಬುಡಿ. ಇವು ಗೊಬ್ರ ಕಾಣ್ದಂಗೆ ಸತ್ವಲ್ಲ, ಇವುಗಳ್ದು ಬರೀರಿ. ಮಿಕ್ಕೋರ ಹೊಲ ಉಳಿಯೋದು ಇವುಗಳಿಂದ್ಲೇಯ."