ಒಂದೇ ಪದ, ಎರಡು ಫೈಲು

ಅಜ್ಜಿಯ ಸೋಬಾನೆ ಪದಗಳ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿದ ಮೇಲೆ, ಅವಕ್ಕೊಂದು ಪಟ್ಟಿ ಮಾಡುವ ಸಾಫ್ಟ್‌ವೇರ್ ಹುಡುಕತೊಡಗಿದೆ. ಶಿರಾದ ಗೆಳೆಯ ಒಂದನ್ನು ಬಹಳ ಹೊಗಳಿದ. ಹೊಗಳಿಕೆ ಪುರಾವೆಯಲ್ಲ ಎಂದು ಚರ್ಚಾಸ್ಪರ್ಧೆಗಳಲ್ಲಿ ಕಲಿತಿದ್ದೆನಲ್ಲ, ಅದು ಪುಕ್ಕಟೆ ಯಾಕೆ, ನನ್ನ ಫೈಲುಗಳನ್ನೆಲ್ಲ ನೋಡಲು ಅನುಮತಿ ಯಾಕೆ ಎಂದು ವಾದಕ್ಕಿಳಿದೆ.

“ನೀನು ಇಂಗೇ ಅನುಮಾನ ಪಡ್ತಾ ಕೂತ್ಕೋ, ಪಟ್ಟಿ ಆದಂಗೇ” ಅಂದ.

ಮೂಲವನ್ನು ಪೆನ್‌ಡ್ರೈವಿನಲ್ಲಿ ಬೇರೆ ಇಟ್ಟು, ನಕಲನ್ನಷ್ಟೇ ಅದಕ್ಕೆ ಕೊಟ್ಟೆ. ಅದು ಒಂದೇ ಮದುವೆ ಪದದ ಎರಡು ಫೈಲುಗಳನ್ನು ತೋರಿಸಿ, ಇವೆರಡೂ ಒಂದೇ, ಎರಡನೆಯದನ್ನು ಅಳಿಸಲೇ ಎಂದು ಕೇಳಿತು. ನನ್ನ ಫೈಲಿಗೇ ಕೈಹಾಕಿದ ಕಳ್ಳ ಸಿಕ್ಕಿಬಿದ್ದ ಅಂದುಕೊಂಡು, ಎರಡೂ ಒಂದೇ ಹೌದೋ ಅಲ್ಲವೋ ತಿಳಿಯಲು ಅಜ್ಜಿಗೆ ಕೇಳಿಸಿದೆ.

ಎರಡನೆಯದು ಶುರುವಾದೊಡನೆ ಅಜ್ಜಿ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು.

“ಇದನ್ನ ಮುಂದೆ ಹಾಡಿ ಎತ್ಕೊಡ್ತಿರೋಳು ನಾನಲ್ಲ ಕಣ್ಲಾ, ನಮ್ಮಕ್ಕ. ಅವ್ಳು ಹಾಡಿದ್ದನ್ನ ನಾನು ಹಿಂದೆ ಸೊಲ್ಲು ಹೇಳ್ತಾ ಇವ್ನಿ.”

ಮದಲೂರಿಗೆ ಮದುವೆಯಾಗಿ ಹೋಗಿದ್ದ ಆ ದೊಡ್ಡಜ್ಜಿ ಈಗಿಲ್ಲ. ಅವಳ ದನಿ ಬೇರೆಲ್ಲೂ ಉಳಿದಿಲ್ಲ.

“ಇದನ್ನೇ ಅಳಿಸೋಕೆ ಹೊರಟಿತ್ತು ನೋಡಜ್ಜಿ” ಅಂದೆ.

“ಎಲ್ಡೂ ನಾನೇ ಹಾಡಿದ್ದು ಅಂತ ಅದಕ್ಕೆ ಯಾರ್ಲಾ ಹೇಳಿದ್ದು?”

ಹಾಡಿದವರ ಹೆಸರಿನ ಜಾಗದಲ್ಲಿ ಎಲ್ಲ ಫೈಲಿಗೂ ಅಜ್ಜಿಯ ಹೆಸರು ತುಂಬಿದ್ದವನು ನಾನೇ. ಒಂದು ಮಾತು ಅವಳನ್ನು ಕೇಳಿರಲಿಲ್ಲ.

ಸಾಫ್ಟ್‌ವೇರ್ ತೆಗೆದುಹಾಕಿದೆ, ಅದರ ಮೇಲಿನ ಅನುಮಾನ ಇನ್ನೂ ಹೋಗಿಲ್ಲ. ಆಮೇಲೆ ಬರಿಯ ಕೋಷ್ಟಕವೊಂದನ್ನು ತೆರೆದು, ಎತ್ತಿಕೊಡುವವರಿಗೊಂದು, ಸೊಲ್ಲು ಹೇಳುವವರಿಗೊಂದು ಕಲಂ ಹಾಕಿ, ಅಜ್ಜಿಯ ಪಕ್ಕ ಕೂತು ಮೊದಲ ಪದದಿಂದ ಮತ್ತೆ ಕೇಳಿಸತೊಡಗಿದೆ.