ಮಾಸ್ತಮ್ಮ ಕಟ್ಟಿದ ಸಾಲು

ದೂರದಲ್ಲಿದ್ದ ಮಗನಿಗೆ ತಾಯಿಯ ದನಿ ಕೇಳಿಸಿತು ಎಂಬಂಥ ಮಾತುಗಳನ್ನು ನಾನು ನಂಬಿದವನಲ್ಲ. ಹೇಳುವವರ ನೆನಪೇ ಹಿಂದಿನದನ್ನು ಮುಂದೆ, ಮುಂದಿನದನ್ನು ಹಿಂದೆ ಮಾಡಿರಬೇಕು ಎನ್ನುತ್ತಿದ್ದೆ. ನನ್ನ ನೆನಪಿನ ಮೇಲೂ ಅದೇ ಗುಮಾನಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಕಾಯ್ಕಿಣಿಯಲ್ಲಿ ನಮ್ಮ ನೆರೆಮನೆಯ ಮಾಸ್ತಮ್ಮನ ಒಬ್ಬನೇ ಮಗ ಜಟ್ಟಪ್ಪ. ಗೋವೆಯ ಅದಿರುಗಣಿಗೆ ಕೂಲಿಗೆ ಹೋಗಿದ್ದ. ಪೋರ್ಚುಗೀಸರ ಆಳ್ವಿಕೆಯ ಕೊನೆಯ ವರ್ಷಗಳವು. ಯಾವುದೋ ಸಭೆಯಲ್ಲಿ ನಿಂತಿದ್ದನೆಂದು ಪೊಲೀಸರು ಹಿಡಿದೊಯ್ದರು ಎಂಬುದಷ್ಟೇ ಜೊತೆಗಾರರಿಂದ ತಿಳಿಯಿತು. ವಿಚಾರಣೆಯಿಲ್ಲ, ಭೇಟಿಯಿಲ್ಲ, ಕಾಗದವಿಲ್ಲ. ನಾನು ದಿಲ್ಲಿಗೆ ಇಂಗ್ಲಿಷಿನಲ್ಲಿ ಅರ್ಜಿ ಬರೆದೆ. ಕೈದಿಗಳ ಹಕ್ಕು ನೋಡಿಕೊಳ್ಳುವವರು ಜಿನೀವಾದಲ್ಲಿದ್ದಾರೆಂದು ಓದಿ ಅಲ್ಲಿಗೂ ಬರೆದೆ. ಉತ್ತರ ಬರಲಿಲ್ಲ.

ಮರುವರ್ಷದ ನಾಟಿಯಲ್ಲಿ ಮಾಸ್ತಮ್ಮ ಹಾಡಿಗೊಂದು ಹೊಸ ಸಾಲು ಕಟ್ಟಿದಳು. ನಮ್ಮಲ್ಲಿ ಒಬ್ಬಳು ಹಾಡನ್ನು ಎತ್ತಿಕೊಡುತ್ತಾಳೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ಎತ್ತಿಕೊಡುವವಳು ತನಗೆ ತೋಚಿದ್ದನ್ನು ಸೇರಿಸಬಹುದು. "ಅಗಳಿ ಹಾಕ್ಲಿಲ್ಲ ಮಗನೇ, ಒಲೆಮೇಲೆ ಗಂಜಿ ಬಿಸಿ ಅದೆ." ಬದುವಿನ ಮೇಲಿದ್ದ ನಾನೂ ಕೇಳಿದೆ.

ಗೋವೆ ಬಿಡುಗಡೆಯಾಯಿತು, ಸೆರೆಮನೆಗಳು ತೆರೆದವು. ಜಟ್ಟಪ್ಪ ಬರಲಿಲ್ಲ. ಒಂದು ಮಧ್ಯಾಹ್ನ ಮಡಗಾಂವದ ಬಡಗಿಯೊಬ್ಬ ಬಸ್ಸಿಳಿದು ಮನೆ ಕೇಳಿಕೊಂಡು ಬಂದ. ಜೈಲಿನಲ್ಲಿ ಪಕ್ಕದ ಕೋಣೆಯವನಂತೆ. ಜಟ್ಟಪ್ಪನ ಮುಖ ನೋಡಿಲ್ಲ. ಗೋಡೆಯಾಚೆಯಿಂದ ಅವನ ದನಿ, ಹೆಸರು, ಊರು ಇಷ್ಟೇ ಬಲ್ಲ. ಬಿಡುಗಡೆಗೆ ಮುಂಚೆಯೇ ಅವನನ್ನು ಎಲ್ಲಿಗೋ ಸಾಗಿಸಿದ್ದರು. ಅದಕ್ಕೆ ಮುಂಚೆ, ಆ ವರ್ಷದ ಮಳೆಗಾಲದಲ್ಲಿ ಅವನು ಹೊಸದೊಂದು ಸಾಲು ಹಾಡತೊಡಗಿದ್ದ ಎಂದು ಕೊಂಕಣಿಯಲ್ಲಿ ಹೇಳಿ, ಕನ್ನಡ ಬಾರದ ಆ ಮನುಷ್ಯ ಅದನ್ನು ಹಾಡಿ ತೋರಿಸಿದ. ಅದೇ ಸಾಲು. ಅಗಳಿ, ಒಲೆ, ಗಂಜಿ, ಎಲ್ಲ.

ಮಾಸ್ತಮ್ಮ ಬೆರಗಾಗಲಿಲ್ಲ. "ಹಾಡುವಾಗ ಕೆಮ್ತಿದ್ನಾ?" ಎಂದಷ್ಟೇ ಕೇಳಿದಳು. ನಾನು ಅದನ್ನು ಕೊಂಕಣಿಯಲ್ಲಿ ಕೇಳಿ, ಬಡಗಿ ಇಲ್ಲವೆಂದ ಮೇಲೆ ಅವಳು ನನ್ನತ್ತ ತಿರುಗಿ, "ನಿನ್ನ ಇಂಗ್ಲಿಷು ಯಾರಿಗೂ ಮುಟ್ಲಿಲ್ಲ ಮಾರಾಯಾ" ಎಂದಳು.

ಅದು ತಾಯಿ ಮಗ ಇಬ್ಬರಿಗೂ ಗೊತ್ತಿದ್ದ ಹಳೆಯ ಸಾಲೇ ಇರಬಹುದು. ಬಡಗಿಯಿಂದ ಕೇಳಿದ್ದನ್ನೇ ನನ್ನ ನೆನಪು ಆಮೇಲೆ ಗದ್ದೆಗೆ ಒಯ್ದು ನೆಟ್ಟಿರಲೂಬಹುದು. ನಾಟಿಯ ಹೆಂಗಸರನ್ನು ವಿಚಾರಿಸಿದೆ. ಒಬ್ಬೊಬ್ಬಳು ಒಂದೊಂದು ಹೇಳಿದಳು. ಯಾವ ವಿವರಣೆಯೂ ಇವತ್ತಿಗೂ ನನಗೆ ಸಾಲುತ್ತಿಲ್ಲ.

ಮುಂದಿನ ನಾಟಿಗೆ ಅವಳು ಇನ್ನೊಂದು ಕಟ್ಟಿದಳು: "ಯಾವ ಊರಲ್ಲಿದ್ದೀ, ಹೇಳು ಮಗನೇ." ಹೆಂಗಸರು ತಿರುಗಿ ಹೇಳಲು ಬಾಯಿ ತೆರೆದರೆ ಕೆಸರುಗೈ ಎತ್ತಿ ತಡೆದಳು. ಸಸಿ ಹಿಡಿದು ಬಗ್ಗಿದ್ದವರು ಬಗ್ಗಿದ ಹಾಗೆಯೇ ನಿಂತರು. ಬದುವಿನ ಮೇಲೆ ನಾನೂ ಉತ್ತರಕ್ಕೆ ಕಿವಿಗೊಟ್ಟೆ.